ಕೋಳಿಮನೆಯ ಕಾಮ್ರೇಡ್

ಶಿವಪ್ರಸಾದ್ ಹಾಳಾಗಬೇಕೆಂದು ನಾನು ಹನ್ನೊಂದು ವರ್ಷಗಳಿಂದ ಬಯಸುತ್ತ ಬಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದೆಲ್ಲ ಸತ್ತುಹೋದ ಒಬ್ಬ ಅಮೆರಿಕನ್ ಕಮ್ಯುನಿಸ್ಟನ ಬಗ್ಗೆ ನನಗಿದ್ದ ಕುತೂಹಲದಂತೆ ಕಾಣುತ್ತದೆ. ನನಗೆ ಇತಿಹಾಸದಲ್ಲಿ ಆಸಕ್ತಿ ಇಲ್ಲ. ಧಾರವಾಡದಲ್ಲಿ ಓದಿದ್ದು ರಸಾಯನಶಾಸ್ತ್ರ, ಇಪ್ಪತ್ತೈದು ವರ್ಷಗಳಿಂದ ಮಾಡುತ್ತಿರುವುದು ಮಾತ್ರೆಗಳ ಪರೀಕ್ಷೆ. ಇರಬೇಕಾದದ್ದು ಇರಬೇಕಾದಷ್ಟು ಇದೆಯೇ, ಇರಬಾರದ್ದು ಎಷ್ಟಿದೆ ಎಂದು ನೋಡುವುದು.

2014ರ ಮಾರ್ಚಿನಲ್ಲಿ ನಾನು ನ್ಯೂಜೆರ್ಸಿಯಲ್ಲಿ ರೂಟ್ ಒನ್ ಹೆದ್ದಾರಿ ಬದಿಯ ಒಂದು ಸಣ್ಣ ಔಷಧ ಕಂಪನಿಯಲ್ಲಿದ್ದೆ. ಶಿವಪ್ರಸಾದ್ ನನ್ನ ಮೇಲಧಿಕಾರಿ. ನನಗಿಂತ ಮೂರು ವರ್ಷ ಚಿಕ್ಕವನು, ಮೈಸೂರಿನವನು, ಹೆಂಡತಿ ಸೌಜನ್ಯಾಳ ಜೊತೆ ನಮ್ಮ ಮನೆಗೆ ಬಂದರೆ ‘ಅಕ್ಕ, ಇನ್ನೊಂದ್ ರೊಟ್ಟಿ’ ಎಂದು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದವನು. ಹನ್ನೆರಡನೆಯ ತಾರೀಖು, ಬುಧವಾರ, ಒಂದು ಬ್ಯಾಚಿನ ಮಾತ್ರೆಗಳು ನನ್ನ ಪರೀಕ್ಷೆಯಲ್ಲಿ ಫೇಲಾದವು. ಅವನ ಕೋಣೆಗೆ ಹೋಗಿ ಹೇಳಿದೆ.

“ಇನ್ನೊಂದ್ಸಲ ಇಂಜೆಕ್ಟ್ ಮಾಡಿ ನೋಡಿ ಅಕ್ಕ, ಮಷೀನ್ ಪ್ರಾಬ್ಲಮ್ ಇರುತ್ತೆ.”

“ಮಷೀನ್ ಛಲೋ ಐತಿ ಶಿವು. ಮಾತ್ರೇನ ಕೆಟ್ಟೈತಿ.”

“ಅಯ್ಯೋ, ನೀವೊಬ್ರು,” ಎಂದು ನಕ್ಕ.

ಫೇಲಾದ ಫಲಿತಾಂಶವನ್ನು ಬದಿಗಿಟ್ಟು, ಪಾಸಾಗುವವರೆಗೆ ಮಾದರಿಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಚುಚ್ಚಿ ಪರೀಕ್ಷಿಸುವುದು ನಮ್ಮ ಕೆಲಸದಲ್ಲಿ ಕಳ್ಳತನಕ್ಕೆ ಸಮ. ನಾನು ಮಾಡಲಿಲ್ಲ. ಆದರೆ ಎರಡು ವಾರಗಳ ನಂತರ ಕಂಪನಿಯ ತಪಾಸಣೆಯವರು ನನ್ನನ್ನು ಕರೆಸಿ ಒಂದು ಪ್ರಿಂಟ್‌ಔಟ್ ಮುಂದಿಟ್ಟರು. ಅದೇ ಬ್ಯಾಚು, ಮಾರ್ಚ್ 15, ಸಂಜೆ 4:42ಕ್ಕೆ ಎರಡನೆಯ ಪರೀಕ್ಷೆ, ಪಾಸು. ಮೊದಲಿನ ಫಲಿತಾಂಶದ ಸುದ್ದಿಯೇ ಇಲ್ಲ. ಲಾಗಿನ್ ನನ್ನದು. “ಇದು ನಿಮ್ಮದೇ ತಾನೆ?” ಎಂದು ಕೇಳಿದರು. ಆ ವಾರ ಅದೇ ಯಂತ್ರದ ಮೇಲೆ ನಾನು ಅರವತ್ತಕ್ಕಿಂತ ಹೆಚ್ಚು ಪರೀಕ್ಷೆ ನಡೆಸಿದ್ದೆ. ನನ್ನ ನೆನಪು ಒಂದು ಹೇಳಿ ಯಂತ್ರದ ಕಾಗದ ಇನ್ನೊಂದು ಹೇಳಿದರೆ ಕಾಗದವನ್ನು ನಂಬಬೇಕೆಂದು ನನಗೆ ಕಲಿಸಲಾಗಿತ್ತು. ನಾನೇ ಎಷ್ಟೋ ಜನರಿಗೆ ಹಾಗೆ ಕಲಿಸಿದ್ದೆ. ಹೌದು ಎಂದು ಸಹಿ ಹಾಕಿದೆ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಶಿವಪ್ರಸಾದ್, ಮತ್ತೆ ಪರೀಕ್ಷಿಸುವುದು ಬೇಡವೆಂದು ತಾನು ಸ್ಪಷ್ಟವಾಗಿ ಹೇಳಿದ್ದಾಗಿ ಬರೆದುಕೊಟ್ಟ.

ಕೆಲಸ ಹೋಯಿತು. ಅದರೊಂದಿಗೆ ವೀಸಾ. ಗಂಡ ಗುರುವಿನ ವೀಸಾದ ಮೇಲೆ ಉಳಿಯಲು ಅರ್ಜಿ ಹಾಕಿದೆವು. ಉತ್ತರ ಬರುವವರೆಗೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಜೂನ್‌ನಲ್ಲಿ ಗದಗಿನಲ್ಲಿ ಅಪ್ಪ ತೀರಿಕೊಂಡ. ತಮ್ಮ ಈಶಣ್ಣ ಫೋನ್ ಹಿಡಿದು ತೋರಿಸಿದ. ಹಣೆತುಂಬ ವಿಭೂತಿ ಹಚ್ಚಿ ಅಪ್ಪನನ್ನು ಕುಳ್ಳಿರಿಸಿದ್ದರು, ಹಾಗೆಯೇ ಗುಂಡಿಗೆ ಇಳಿಸಿದರು, ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಮೂರನೆಯವರು ಹಾಕುವಷ್ಟರಲ್ಲಿ ಸಿಗ್ನಲ್ ಹೋಯಿತು. ನಾನು ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಮರುದಿನ ಶಿವಪ್ರಸಾದ್ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಕಳಿಸಿದ.

ಈ ವರ್ಷ ಏಪ್ರಿಲ್‌ನಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಹೊಸಬರು ಹಳೆಯ ದಾಖಲೆಗಳನ್ನು ತೆಗೆಸಿದರು. ಮೇ ತಿಂಗಳ ಒಂದು ಬೆಳಿಗ್ಗೆ ಮ್ಯಾನ್‌ಹಟನ್‌ನಿಂದ ಅವರ ವಕೀಲೆ ಫೋನ್ ಮಾಡಿದಳು. 2014ರ ಬ್ಯಾಚುಗಳ ಬಗ್ಗೆ ಅನುಮಾನಗಳಿವೆ, ಶಿವಪ್ರಸಾದ್ ಈಗ ವೈಸ್ ಪ್ರೆಸಿಡೆಂಟ್, ಅಂದಿನ ಕಾಲದಲ್ಲೇ ನೀವು ಬರೆದಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದಳು. ಮುಂದಿನ ಶುಕ್ರವಾರ ತರುತ್ತೇನೆ ಎಂದೆ.

ನನ್ನ ಹತ್ತಿರ ಏನೂ ಇರಲಿಲ್ಲ. ಇದ್ದದ್ದು ಒಂದು ಡೈರಿ. ಅಪ್ಪ ಪ್ರತಿವರ್ಷ ಊರಿನ ಸಹಕಾರಿ ಬ್ಯಾಂಕಿನ ಡೈರಿ ಕಳಿಸುತ್ತಿದ್ದ. 2014ರದ್ದರಲ್ಲಿ ಮಾರ್ಚ್ 12ರ ಪುಟ ಖಾಲಿ ಇತ್ತು. ಆ ಒಂದು ಪುಟವನ್ನಷ್ಟೇ ನಾನು ತೆರೆದು ನೋಡಿದ್ದು. ಉಳಿದ ಪುಟಗಳಲ್ಲಿ ಅಪ್ಪ ಯಾವಾಗ ಫೋನ್ ಮಾಡಿದ, ಏನೆಂದ ಎಂಬುದೆಲ್ಲ ಇತ್ತು. ಅವನು ಹೋದ ಮೇಲೆ ಓದುವ ಧೈರ್ಯ ಬಂದಿರಲಿಲ್ಲ. ಆ ವರ್ಷದ್ದೇ ಒಂದು ನೀಲಿ ಬಾಲ್‌ಪೆನ್ನೂ ಹುಡುಕಿದಾಗ ಸಿಕ್ಕಿತು. ಬರೆಯಬೇಕಾದ ವಾಕ್ಯ ಸಿದ್ಧವಾಗಿತ್ತು: ‘ಶಿವು ಮತ್ತೆ ಇಂಜೆಕ್ಟ್ ಮಾಡಲು ಹೇಳಿದ. ನಾನು ಒಲ್ಲೆ ಎಂದೆ.’ ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬರೆದ ದಿನ ಮಾತ್ರ ಸುಳ್ಳು. ಅಷ್ಟು ಸಣ್ಣ ದೋಷವನ್ನು ನಾನು ಭರಿಸಬಲ್ಲೆ ಎಂದುಕೊಂಡೆ.

ಆ ವಾರವೇ ಮಿರಿಯಂ ತನ್ನ ಅಜ್ಜನ ಪತ್ರ ತಂದಳು.

ಮಿರಿಯಂ ನನಗೆ ಪರಿಚಯವಾದದ್ದು ಎರಡು ವರ್ಷಗಳ ಹಿಂದೆ. ನಮ್ಮ ಟೌನ್‌ಹೌಸಿನ ಡ್ರೈವ್‌ವೇಯಲ್ಲಿ ಕೋಲೂರಿ ನಿಂತು ಗ್ಯಾರೇಜನ್ನೇ ದಿಟ್ಟಿಸುತ್ತಿದ್ದಳು. ಈಗ ಎಂಬತ್ತನಾಲ್ಕು ವರ್ಷ, ಪಕ್ಕದ ಊರು ಕೆಂಡಲ್ ಪಾರ್ಕಿನಲ್ಲಿ ಒಬ್ಬಳೇ ಇದ್ದಾಳೆ. ಆಕೆ ಮಾತಾಡುವುದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಅದು ಉಳಿಯುವುದು ಗದಗಿನ ಕನ್ನಡದಲ್ಲಿ, ಅವಳ ಗಡಸಿಗೆ ಅದೇ ಹೊಂದುತ್ತದೆ.

“ನೀ ನಮ್ಮ ಕೋಳಿಮನ್ಯಾಗ ಸಂಸಾರ ಮಾಡಾಕತ್ತೀಯಲ್ಲ, ಗೊತ್ತೈತೇನು?” ಎಂದಳು ಆ ದಿನ.

ನಮ್ಮ ಸಾಲಿನ ಮನೆಗಳೆಲ್ಲ ನಿಂತಿರುವುದು ಅವಳ ಅಜ್ಜ ನೇಥನ್ ಸ್ಲಟ್ಕಿನ್‌ನ ಕೋಳಿಫಾರ್ಮಿನ ಮೇಲೆ. ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು. ಅವಳು ಅಜ್ಜನ ಕಥೆ ಹೇಳುವಳು, ನಾನು ಕೇಳುವೆನು. ಒಂದು ದಿನ ನಾನೂ ನನ್ನ ಕಥೆ ಹೇಳಿದೆ. ಸಮಾಧಾನದ ಮಾತು ಅವಳು ಆಡಲಿಲ್ಲ. “ಅವನ ಹೆಸರೇನು?” ಎಂದು ಕೇಳಿ, ಶಿವಪ್ರಸಾದ್ ಎಂದು ಎರಡು ಸಲ ಉಚ್ಚರಿಸಿ ಕಲಿತುಕೊಂಡಳು. ನನಗೆ ಅವಳು ಇಷ್ಟವಾದದ್ದು ಅಲ್ಲಿ.

ಸ್ಲಟ್ಕಿನ್ ರಷ್ಯಾದಿಂದ ಹದಿನೈದರ ವಯಸ್ಸಿನಲ್ಲಿ ಬಂದವನು. ಪಸೇಯಿಕ್ ಊರಿನ ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುವ ಕೆಲಸ, ಮೊಣಕೈವರೆಗೆ ಯಾವಾಗಲೂ ನೀಲಿ. 1919ರಲ್ಲಿ ಶಿಕಾಗೋಕ್ಕೆ ಹೋಗಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರ ನಡುವೆ ಕುಳಿತಿದ್ದ. ಮೂರು ತಿಂಗಳೊಳಗೆ ಸರ್ಕಾರ ಸಿಕ್ಕಸಿಕ್ಕವರನ್ನೆಲ್ಲ ಹಿಡಿದಾಗ ಅವನೂ ಜೈಲು ಸೇರಿದ. ಹೊರಬಂದು ನ್ಯೂಜೆರ್ಸಿಯ ಗಿರಣಿ ಊರುಗಳಲ್ಲಿ ಪಕ್ಷವನ್ನು ನಡೆಸಿದ. 1926ರ ದೊಡ್ಡ ಮುಷ್ಕರದಲ್ಲಿ ಬಂಡಿಯ ಮೇಲೆ ನಿಂತು ಮೂರು ಭಾಷೆಗಳಲ್ಲಿ ಮಾತಾಡುತ್ತಿದ್ದನಂತೆ. ಒಂದರಲ್ಲಿ ಬೈಗುಳ, ಒಂದರಲ್ಲಿ ಲೆಕ್ಕಾಚಾರ, ಒಂದರಲ್ಲಿ ಹಾಸ್ಯ.

ಅವನ ಜೊತೆ ಒಂದೇ ಕೋಣೆಯಲ್ಲಿ ಏಳು ವರ್ಷ ಮಲಗಿದ ಗೆಳೆಯ ಹ್ಯಾರಿ ವೆಲ್ಡನ್. 1929ರಲ್ಲಿ ಪಕ್ಷದ ಸಮಿತಿಯ ಮುಂದೆ ವೆಲ್ಡನ್ ಎದ್ದು ನಿಂತು, ಸ್ಲಟ್ಕಿನ್ ಪೊಲೀಸರ ಗೂಢಚಾರ, ಅವನು ಠಾಣೆಯಿಂದ ಹೊರಬರುವುದನ್ನು ನಾನೇ ಕಂಡೆ ಎಂದ. ಕಂಡದ್ದು ನಿಜ. ಮುಷ್ಕರದಲ್ಲಿ ಸಿಕ್ಕಿಬಿದ್ದ ಒಬ್ಬ ಕಾರ್ಮಿಕನಿಗೆ ಜಾಮೀನು ಕೊಡಿಸಲು ಇಬ್ಬರೂ ಜೊತೆಗೇ ಹೋಗಿದ್ದರು. ವೆಲ್ಡನ್ ಹೊರಗೆ ಸಿಗರೇಟು ಸೇದುತ್ತ ಕಾಯುತ್ತಿದ್ದ. ಸಮಿತಿ ಸ್ಲಟ್ಕಿನ್‌ನನ್ನು ಹೊರಹಾಕಿತು. ಅವನ ಜಾಗಕ್ಕೆ ವೆಲ್ಡನ್ ಬಂದ. ಮ್ಯಾನ್‌ಹಟನ್ನಿನ ಕೆಫೆಟೇರಿಯಾಗಳಲ್ಲಿ ಸ್ಲಟ್ಕಿನ್ ಬಂದು ಕುಳಿತರೆ ಹಳೆಯ ಕಾಮ್ರೇಡುಗಳು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಒಂದು ವರ್ಷ ಹಾಗೆ ಒಬ್ಬನೇ ತಿಂದು, ಕೊನೆಗೆ ಇಲ್ಲಿ ಬಂದು ಕೋಳಿ ಸಾಕಿದ.

ಮಿರಿಯಂ ತಿರುಗಿ ತಿರುಗಿ ಹೇಳುವ ದೃಶ್ಯ ಒಂದೇ. 1951ರಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿದ್ದಾಗ ಇಬ್ಬರು ಸರ್ಕಾರಿ ಮನುಷ್ಯರು ಫಾರ್ಮಿಗೆ ಬಂದು, ವೆಲ್ಡನ್ ಬಗ್ಗೆ ಹೇಳು ಎಂದರು. ಸ್ಲಟ್ಕಿನ್ ಕತ್ತಲ ನೆಲಮಾಳಿಗೆಯಲ್ಲಿ ಮೊಟ್ಟೆ ನೋಡುತ್ತಿದ್ದ. ದೀಪದ ಮುಂದೆ ಒಂದೊಂದೇ ಮೊಟ್ಟೆ ಹಿಡಿದರೆ ಒಳಗಿನ ರಕ್ತದ ಕಲೆ ಕಾಣುತ್ತದೆ. ಅವನು ತಲೆ ಎತ್ತಲಿಲ್ಲ. ‘ಇದು ಛಲೋ ಐತಿ,’ ‘ಇದು ಛಲೋ ಐತಿ,’ ಎನ್ನುತ್ತ ಮುನ್ನೂರು ಮೊಟ್ಟೆ ಮುಗಿಸಿದ. ಬಂದವರು ಹೊರಟುಹೋದರು.

“ಪೊಲೀಸರ ಕೈಯಾಗ ಕೊಡಲಿಲ್ಲ ನೋಡು ವೈರೀನ,” ಎನ್ನುತ್ತಾಳೆ.

ಈ ಜೂನ್‌ನಲ್ಲಿ ಪಸೇಯಿಕ್‌ನ ಒಂದು ಇಟ್ಟಿಗೆ ಕಟ್ಟಡದ ಮೇಲೆ ವೆಲ್ಡನ್ ಹೆಸರಿನ ಫಲಕ ಹಾಕುವವರಿದ್ದರು: ‘ಹ್ಯಾರಿ ವೆಲ್ಡನ್, ಕಾರ್ಮಿಕರ ದನಿ.’ ಸುದ್ದಿ ಕೇಳಿದ ದಿನದಿಂದ ಮಿರಿಯಂ ಅಟ್ಟ ಹುಡುಕತೊಡಗಿದ್ದಳು. ಸೋಮವಾರ ಮುಂಜಾನೆ, ಮೊಟ್ಟೆ ಸಾಗಿಸುವ ಮರದ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು ಎಂದು ಒಂದು ಪತ್ರವನ್ನು ನನ್ನ ಊಟದ ಮೇಜಿನ ಮೇಲಿಟ್ಟಳು. ಟೈಪು ಮಾಡಿದ್ದು, ನವೆಂಬರ್ 4, 1929ರ ತಾರೀಖು, ಕೆಳಗೆ ವೆಲ್ಡನ್ ಸಹಿ. ‘ನೇಥನ್, ನೀನು ತಪ್ಪು ಮಾಡಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ಜಾಗ ನನಗೆ ಬೇಕಿತ್ತು.’

“ಫಲಕದ ಪರದೆ ಸರಸಿದ ಕೂಡಲೇ ಎದ್ದು ನಿಂತು ಓದತೀನಿ. ವೆಲ್ಡನ್ ಮೊಮ್ಮಕ್ಕಳು ಮುಂದಿನ ಸಾಲಿನ್ಯಾಗ ಇರತಾರ. ಅವರ ಮಾರಿ ನೋಡಬೇಕು ನಾ. ನೀ ಕಾಗದ ಹಳೇದು ಅಂತ ಬರದ ಕೊಡು, ಸಾಕು.”

ಮೂರು ವಾಕ್ಯಗಳನ್ನು ಮತ್ತೆ ಓದಿದೆ. ಯಾವ ತಪ್ಪಿತಸ್ಥನೂ ಅಷ್ಟು ಅಚ್ಚುಕಟ್ಟಾಗಿ ಒಪ್ಪಿಕೊಳ್ಳುವುದಿಲ್ಲ ಎನಿಸಿತು. ಆದರೆ ಎನಿಸುವುದು ಪುರಾವೆಯಲ್ಲ. ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಅತಿನೇರಳೆ ದೀಪವಿದೆ. 1950ರ ಸುಮಾರಿನ ನಂತರ ಕಾಗದ ಬೆಳ್ಳಗೆ ಕಾಣಲೆಂದು ಒಂದು ಬಗೆಯ ರಾಸಾಯನಿಕ ಬೆರೆಸತೊಡಗಿದರು. ಆ ದೀಪದಡಿ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ, ಅದಕ್ಕಿಂತ ಹಳೆಯದು ಹೊಳೆಯುವುದಿಲ್ಲ. ಹೋಲಿಕೆಗೆಂದು ಮಿರಿಯಂಳ ಹತ್ತಿರವಿದ್ದ 1926ರ ಮುಷ್ಕರದ ಕರಪತ್ರವನ್ನೂ ನನ್ನ ಪ್ರಿಂಟರಿನ ಒಂದು ಹಾಳೆಯನ್ನೂ ತೆಗೆದುಕೊಂಡು, ಬಟ್ಟೆ ಕಪಾಟಿನೊಳಗೆ ಹೋಗಿ ಬಾಗಿಲು ಮುಚ್ಚಿದೆ.

ಕರಪತ್ರ ಮಂಕಾಗಿ ಕಂದಾಗಿಯೇ ಇತ್ತು. ಪ್ರಿಂಟರಿನ ಹಾಳೆ ಹೊಳೆಯಿತು. ಪತ್ರವೂ ಹೊಳೆಯಿತು. ಜಾಗ ಬದಲಿಸಿ ಮೂರು ಸಲ ನೋಡಿದೆ. ನನ್ನ ಸೀರೆಗಳ ನಡುವೆ ಆ ಮೂರು ವಾಕ್ಯಗಳು ತಿಳಿನೀಲಿ ಬೆಳಕಿನ ಮೇಲೆ ಕರಿ ಇರುವೆಗಳಂತೆ ನಿಂತಿದ್ದವು.

ಹೊರಗೆ ಬಂದು ಹೇಳಿದೆ. “ಇಪ್ಪತ್ತೊಂಬತ್ತರಾಗ ಈ ಕಾಗದ ಹುಟ್ಟೇ ಇರಲಿಲ್ಲ, ಮಿರಿಯಂ. ಇದು ಐವತ್ತರ ನಂತರದ್ದು.”

ಅವಳು ಚಹದ ಕಪ್ಪನ್ನು ಬದಿಗೆ ಸರಿಸಿದಳು. ಆಮೇಲೆ ಚೀಲದಿಂದ ಒಂದು ಬಿಸ್ಕೆಟ್ ಡಬ್ಬಿ ತೆಗೆದು ನನ್ನೆಡೆಗೆ ತಳ್ಳಿದಳು. ಒಳಗೆ ಹತ್ತಾರು ಹಾಳೆ, ಪ್ರತಿಯೊಂದರ ತುಂಬ ಹ್ಯಾರಿ ವೆಲ್ಡನ್, ಹ್ಯಾರಿ ವೆಲ್ಡನ್ ಎಂಬ ಸಹಿ. ಮೊದಲ ಹಾಳೆಗಳಲ್ಲಿ ಕೈ ತಡವರಿಸುತ್ತದೆ, ಕೊನೆಯವುಗಳಲ್ಲಿ ಸರಾಗ.

“ಶಾಪ ಹಾಕಾಕ ಬರದಾನ ಅಂತ ತಿಳಕೊಂಡಿದ್ದೆ,” ಎಂದಳು. “ನಮ್ಮ ಮಂದಿ ವೈರಿ ಹೆಸರು ಬರದು ಬರದು ಸುಡತಿದ್ರಂತ. ಇಂವ ಸುಡೋದ ಮರತಾನ ಅಂದುಕೊಂಡೆ.” ಒಮ್ಮೆಲೇ ಜೋರಾಗಿ ನಕ್ಕಳು. “ಕಲಿಯಾಕತ್ತಿದ್ದ, ಮುದುಕ!”

“ಮತ್ತ ಯಾಕ ಕಳಸಲಿಲ್ಲ?”

“ವೆಲ್ಡನ್ ಸಾಯಲಿ ಅಂತ ಕಾದಾನ. ಸತ್ತಾಂವ ಇದು ನನ್ನ ಸಹಿ ಅಲ್ಲ ಅಂತ ಎದ್ದು ಬಂದು ಹೇಳತಾನೇನು? ಆದರ ಅಜ್ಜ ಅರವತ್ತಮೂರನೇ ಇಸವ್ಯಾಗ ಹೋದ. ವೆಲ್ಡನ್ ತೊಂಬತ್ತನಾಕು ವರ್ಷ ಬದುಕಿ, ಫ್ಲಾರಿಡಾದಾಗ ದಿನಾ ಸಮುದ್ರದಾಗ ಈಸಿ, ಆರಾಮ ಇದ್ದು ಸತ್ತ.” ನಗು ನಿಂತಿತು. “ಅಜ್ಜ ಜಾಮೀನು ಕೊಡಿಸಿದ್ನಲ್ಲ, ಆ ಮನುಷ್ಯಾ ಐವತ್ತೊಂದರಾಗ ಜೀವಂತ ಇದ್ದ. ನೆವಾರ್ಕಿನಾಗ ಬ್ರೆಡ್ ಅಂಗಡಿ ಇತ್ತು. ಇಬ್ಬರೂ ಕೂಡೇ ಬಂದಿದ್ರು ಅಂತ ಅಂವ ಒಂದ ಮಾತು ಹೇಳಿದ್ರ ಸಾಕಿತ್ತು. ಇಲ್ಲಿಂದ ಮೂವತ್ತು ಮೈಲಿ. ಅಜ್ಜ ಒಂದ ಸಲಾನೂ ಹೋಗಲಿಲ್ಲ.”

“ಯಾಕ?”

“ಹಳೇ ಮಂದಿ ಮಾರಿ ನೋಡೋದು ಅಂವಗ ಆಗತಿರಲಿಲ್ಲ. ಅವರನ್ನ ನೋಡೋದಕ್ಕಿಂತ ವೆಲ್ಡನ್ ಸಹಿ ಕಲಿಯೋದು ಹಗೂರ ಆತು.”

ಅವಳನ್ನು ಮನೆಗೆ ಬಿಟ್ಟು ಬಂದು ನಾನು ಡೈರಿ ತೆರೆದೆ. ಮಾರ್ಚ್ 12ರ ಖಾಲಿ ಪುಟದ ಮೇಲೆ ಪೆನ್ನು ಇತ್ತು. ಕಾಗದ ಹಳೆಯದೇ ಆಗಿದ್ದರೂ ಹೊಸದಾಗಿ ಬರೆದ ಬಾಲ್‌ಪೆನ್ನಿನ ಶಾಯಿಯಲ್ಲಿ ದ್ರಾವಕ ಉಳಿದಿರುತ್ತದೆ, ಅದು ಆರಿಹೋಗಲು ವರ್ಷಗಳು ಬೇಕು. ಅದನ್ನು ಅಳೆಯುವಂಥ ಯಂತ್ರವನ್ನು ಈಗಿನ ಕೆಲಸದಲ್ಲಿ ನಾನೇ ನಡೆಸುತ್ತೇನೆ. ಯಾರಾದರೂ ಅಳೆದರೆ ಶಿವಪ್ರಸಾದ್ ಆ ಕ್ಷಣದಿಂದ ಸಾಯುವವರೆಗೆ ಪ್ರಾಮಾಣಿಕ. ಅವನಿಗೆ ಆ ಪಟ್ಟವನ್ನು ನನ್ನ ಕೈಯಾರೆ ಕಟ್ಟಲು ನಾನು ಸಿದ್ಧಳಿರಲಿಲ್ಲ. ಪೆನ್ನನ್ನು ಡ್ರಾಯರಿಗೆ ಹಾಕಿದೆ. ಆಮೇಲೆ ಹನ್ನೊಂದು ವರ್ಷ ನೋಡದ ಪುಟಗಳನ್ನು ಜನವರಿ ಒಂದರಿಂದ ಓದುತ್ತ ಹೋದೆ.

ಅಪ್ಪ ಅಲ್ಲಿ ಇದ್ದ. ಹಲ್ಲು ನೋವು, ಎಮ್ಮೆಯ ಕೆಮ್ಮು, ‘ಥಂಡಿ ಭಾಳ ಐತೇನವಾ ಅಲ್ಲಿ’. ಎರಡು ಸಲ ಎದ್ದು ಮುಖ ತೊಳೆದುಕೊಂಡು ಬಂದೆ. ಮಾರ್ಚ್ 15ರ ಪುಟ ಹೀಗಿತ್ತು:

‘ಶನಿವಾರ. ಅಪ್ಪನ ಫೋನು ಮುಂಜಾನೆ 8:20. ಹಲ್ಲು ಕಿತ್ತಿಸಿದನಂತೆ. 2ಕ್ಕೆ ಎಡಿಸನ್, ಸ್ಮಿತಾನ ಮಗಳ ತೊಟ್ಟಿಲು. ತೊಟ್ಟಿಲಲ್ಲಿ ಇಡಲು ಗುಂಡುಕಲ್ಲು ಇಲ್ಲ, ಗುರುನ ಡಂಬೆಲ್‌ಗೆ ಕುಪ್ಪಸದ ಬಟ್ಟೆ ಸುತ್ತಿ ಕೂಸಿನ ಬದಿಗೆ ಇಟ್ಟೆವು, ಎಲ್ಲರೂ ನಕ್ಕರು. ಹೆಸರು ಹಂಸಾ. ಸೌಜನ್ಯಾ ಒಬ್ಬಳೇ ಬಂದಿದ್ದಳು, ಶಿವು ಲ್ಯಾಬಿನಲ್ಲಿ. 7ಕ್ಕೆ ವಾಪಸ್.’

ಸಂಜೆ 4:42ಕ್ಕೆ ನಾನು ಲ್ಯಾಬಿನಿಂದ ಇಪ್ಪತ್ತು ಮೈಲಿ ದೂರದಲ್ಲಿ ತೊಟ್ಟಿಲು ತೂಗುತ್ತಿದ್ದೆ. ಆ ಪ್ರಿಂಟ್‌ಔಟಿನ ಮುಂದೆ ಕುಳಿತಾಗ ಹದಿನೈದನೆಯ ತಾರೀಖು ಯಾವ ವಾರ ಎಂದು ನಾನು ಕೇಳಲೇ ಇಲ್ಲ. ಹನ್ನೆರಡರಂದು ಅವನು ಆಡಿದ ಮಾತನ್ನೇ ಹನ್ನೊಂದು ವರ್ಷ ಜಗಿದೆ. ಎರಡನೆಯ ಪರೀಕ್ಷೆ ನನ್ನದೇ ಅಲ್ಲ ಎಂದು ಒಮ್ಮೆಯೂ ಹೊಳೆಯಲಿಲ್ಲ. ಲಾಗಿನ್ ಅವನಿಗೆ ಹೇಗೆ ಸಿಕ್ಕಿತೆಂಬುದೂ ಹಿಂದಿನ ಪುಟಗಳಲ್ಲಿತ್ತು. ಫೆಬ್ರವರಿಯಲ್ಲಿ ನಾನು ಜ್ವರದಿಂದ ಮಲಗಿದ್ದಾಗ ಶಿವು ಫೋನ್ ಮಾಡಿ, ‘ಅಕ್ಕ, ಪಾಸ್‌ವರ್ಡ್ ಹೇಳ್ಬಿಡಿ, ಒಂದ್ ರಿಸಲ್ಟ್ ನೋಡ್ಬೇಕು’ ಎಂದಿದ್ದ. ಪಾಸ್‌ವರ್ಡ್ ಎಂದರೆ ನನ್ನ ಮಗಳು ರಿಯಾಳ ಹೆಸರು, ಹುಟ್ಟಿದ ವರ್ಷ. ಮನೆಯ ಬೀಗದ ಕೈ ಕೊಟ್ಟ ಹಾಗೆ ಕೊಟ್ಟಿದ್ದೆ. ಅದು ನನ್ನ ತಪ್ಪು. ಅದನ್ನೂ ವಕೀಲೆಗೆ ಹೇಳುವುದೆಂದು ನಿರ್ಧರಿಸಿದೆ.

ಎಡಿಸನ್ನಿನ ಗೆಳತಿ ಸ್ಮಿತಾಗೆ ಫೋನ್ ಮಾಡಿದೆ.

“ಹಂಸಾನ ನಾಮಕರಣದ ವಿಡಿಯೋನಾ? ಇದೆ ನಂದಕ್ಕ! ಸೌಜನ್ಯಾನೇ ಅಲ್ವಾ ತೆಗ್ದಿದ್ದು, ಪೂರ್ತಿ ಎರಡ್ ಗಂಟೆ! ಇಷ್ಟುದ್ದ ಯಾರ್ ನೋಡ್ತಾರೆ ಅಂತ ಬೈದಿದ್ದೆ ಅವಳಿಗೆ.”

ನಾನು ನೋಡಿದೆ, ಪೂರ್ತಿ. ಮಧ್ಯಾಹ್ನ 3:30ಕ್ಕೆ ಶುರುವಾದದ್ದೆಂದು ಫೈಲಿನಲ್ಲೇ ದಾಖಲಾಗಿತ್ತು. ಹಾಡುತ್ತಿರುವ ನಾನು, ಡಂಬೆಲ್ಲು, ಅಳುವ ಕೂಸು. ಒಂದು ಗಂಟೆ ಹದಿನೇಳನೆಯ ನಿಮಿಷದಲ್ಲಿ ಯಾರೋ ಕೇಳುತ್ತಾರೆ, “ಎಲ್ರೀ ನಿಮ್ ಯಜಮಾನ್ರು?” ಕ್ಯಾಮೆರಾದ ಹಿಂದಿನಿಂದ ಸೌಜನ್ಯಾಳ ದನಿ: “ಲ್ಯಾಬ್‌ನಲ್ಲೇ ಬಿದ್ದಿದಾರೆ. ಯಾವ್ದೋ ಬ್ಯಾಚ್ ಅಂತೆ, ಇವತ್ತೇ ಪಾಸ್ ಆಗ್ಬೇಕಂತೆ!” ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೇನೆ.

ಸೌಜನ್ಯಾ ನನಗೆ ಯಾವ ಕೇಡನ್ನೂ ಮಾಡಿದವಳಲ್ಲ. ಅವಳ ಬಗ್ಗೆ ಯೋಚಿಸಿದೆ. ಚಹ ಕುದಿಯುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ವಿಡಿಯೋವನ್ನು ಎರಡು ಕಡೆ ಕಾಪಿ ಮಾಡಿದೆ.

ಶುಕ್ರವಾರ ಮ್ಯಾನ್‌ಹಟನ್ನಿನಲ್ಲಿ ವಕೀಲೆ ಡೈರಿಯನ್ನು ನಿಧಾನವಾಗಿ ತಿರುವಿದಳು. ಹನ್ನೆರಡನೆಯ ತಾರೀಖಿನಲ್ಲಿ ಬೆರಳು ನಿಂತಿತು. “ಅಂದು ಏನೂ ಬರೆಯಲಿಲ್ಲವೇ?”

“ಇಲ್ಲ.”

“ಒಳ್ಳೆಯದಾಯಿತು,” ಎಂದಳು. “ಬೇಕಾದ ದಿನವೇ ಬೇಕಾದ ಮಾತು ಬರೆದಿರುವ ಡೈರಿಗಳನ್ನು ನಾನು ಮೊದಲು ಲ್ಯಾಬಿಗೆ ಕಳಿಸುತ್ತೇನೆ.”

ಮಿರಿಯಂ ಫಲಕದ ಸಮಾರಂಭಕ್ಕೆ ಹೋದಳು, ನಾನೇ ಕರೆದೊಯ್ದೆ. ಏನೂ ಓದಲಿಲ್ಲ. ಮುಗಿದ ಮೇಲೆ ವೆಲ್ಡನ್‌ನ ಮೊಮ್ಮಗನ ಕೈಕುಲುಕಿ, ನಾನು ಸ್ಲಟ್ಕಿನ್ ಮೊಮ್ಮಗಳು ಎಂದಳು. ಅವನಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಕಾರಿನಲ್ಲಿ ಅವಳು ಬಿಳಿಚಿಕೊಂಡಿದ್ದಳು. “ಗೊತ್ತ ಇಲ್ಲ ಅವಂಗ! ಗೊತ್ತ ಮಾಡಸತೀನಿ,” ಎಂದಳು. ಮರುವಾರ, ವೆಲ್ಡನ್‌ನ ಕಾಗದಪತ್ರಗಳನ್ನಿಟ್ಟಿರುವ ಗ್ರಂಥಾಲಯಕ್ಕೆ ಆ ಪತ್ರ, ಸಹಿ ಕಲಿತ ಹಾಳೆಗಳು, ನನ್ನ ಎರಡು ಪುಟದ ವರದಿ ಮತ್ತು ತನ್ನ ಒಂದು ಟಿಪ್ಪಣಿಯನ್ನು ಕೊಟ್ಟಳು. ‘ಇದು ನಕಲಿ. ನನ್ನ ಅಜ್ಜ ಮಾಡಿದ್ದು. ಯಾಕೆ ಮಾಡಿದ ಎಂಬುದು ಮುಂದಿನ ಪುಟಗಳಲ್ಲಿದೆ.’ ವೆಲ್ಡನ್‌ನ ಪೆಟ್ಟಿಗೆಯಲ್ಲೇ ಇಡಬೇಕೆಂದು ಹಟ ಹಿಡಿದು ಇಡಿಸಿದಳು. “ಇನ್ನು ಅವನ ಪೆಟ್ಟಿಗಿ ಯಾರ ತೆಗದ್ರೂ ನಮ್ಮ ಕೋಳಿ ವಾಸನಿ ಬರತೈತಿ,” ಎಂದಳು.

ಶಿವಪ್ರಸಾದ್ ಫೋನ್ ಮಾಡಿದ್ದು ಜುಲೈ ಎರಡನೆಯ ವಾರ, ಮಧ್ಯಾಹ್ನ. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ.

“ಅಕ್ಕ, ಕೆಲ್ಸದಿಂದ ತೆಗೆದ್ರು. ಎಫ್‌ಡಿಎಗೂ ಬರೀತಾರಂತೆ. ಇನ್ಮೇಲೆ ಈ ಫೀಲ್ಡಲ್ಲಿ ಯಾರೂ ನನ್ನ ಮುಟ್ಟಲ್ಲ.”

“ಹೌದು. ಯಾರೂ ಮುಟ್ಟೂದಿಲ್ಲ.”

“ಸೌಜನ್ಯಾ ವಾಯ್ಸ್ ಅವಳಿಗೇ ಕೇಳ್ಸಿದಾರೆ ಅಕ್ಕ. ಅವಳು ನನ್ನತ್ರ ಮಾತೇ ಬಿಟ್ಟಿದಾಳೆ. ಮನೆಗೆ ಬಂದು ನನ್ನ ಬೈಬಹುದಿತ್ತು ನೀವು, ಹೊಡೀಬಹುದಿತ್ತು. ಹನ್ನೊಂದ್ ವರ್ಷ ಆಯ್ತಲ್ಲ ಅಕ್ಕ...”

“ನಮ್ಮಪ್ಪನ ಮಣ್ಣಿಗೆ ಹೋಗಲಿಕ್ಕಾಗಲಿಲ್ಲ ನನಗ, ಶಿವು.”

ಅವನು ಅಳತೊಡಗಿದ. ಫೋನನ್ನು ಸ್ಪೀಕರಿಗೆ ಹಾಕಿ, ಕೈ ಒರೆಸಿಕೊಂಡು ಕುಳಿತು ಕೇಳಿದೆ. ಕರುಣೆ ಬರುತ್ತದೆಯೇನೋ ಎಂದು ಕಾದು ನೋಡಿದೆ. ಬರಲಿಲ್ಲ. ಅವನಾಗಿ ಇಡುವವರೆಗೂ ನಾನು ಇಡಲಿಲ್ಲ.

ಈಗ ಡೈರಿ ಕಳಿಸುವವನು ಈಶಣ್ಣ. ಇದೇ ವರ್ಷದ್ದನ್ನು ತೆಗೆದು, ಇವತ್ತಿನ ಪುಟದಲ್ಲಿ ಬರೆದೆ: ‘ಮಧ್ಯಾಹ್ನ 1:05. ಶಿವುನ ಫೋನು. ಆರು ನಿಮಿಷ ಅತ್ತ.’ ಆಮೇಲೆ ಬೆಂಡೆಕಾಯಿ ಹೆಚ್ಚುವುದನ್ನು ಮುಂದುವರಿಸಿದೆ.